ಎರಡನೇ ಆಲ್ಬಮ್ಮಿಗೆ ಯಾರ ಸದ್ದು

ತಂಗಿಯ ಎರಡನೇ ಆಲ್ಬಮ್ಮಿನಲ್ಲಿ ತನ್ನ ಕಾರ್ಖಾನೆಯ ಸದ್ದಿಗೆ ಜಾಗವಿಲ್ಲ ಎಂಬುದು ಫಿಟ್ಟರನಿಗೆ ಗೊತ್ತಾದದ್ದು ಊಟಕ್ಕೆ ಕೂತಾಗ. ಅನ್ನಕ್ಕೆ ಬೇಳೆಸಾರು ಕಲಸುತ್ತಿದ್ದ ಕೈ ತಟ್ಟೆಯಲ್ಲೇ ನಿಂತಿತು.

"ಫ್ಯಾಕ್ಟರಿ ಬೇಡ ಅಂದ್ರೆ ಏನೇ ಅರ್ಥ? ಹೊಸ ಕಂಪ್ರೆಸರ್ ಬಂದಿದೆ. ಫೋರ್‌ಮನ್ ಹತ್ರ ಮಾತಾಡಿ ಇಟ್ಟಿದ್ದೀನಿ, ಭಾನುವಾರ ಒಳಗೆ ಬಿಡ್ತಾರೆ."

"ಅದು ಹೋದ ಸಲ ಆಯ್ತಲ್ಲಣ್ಣ," ಎಂದಳು ತಂಗಿ. "ಈ ಸಲ ಬರೀ ಮನೆ. ಅತ್ತಿಗೆ ಹೊಲಿಗೆ ಮೆಷಿನ್ ಇದೆಯಲ್ಲ, ಇಡೀ ಆಲ್ಬಮ್ ಅದರ ಮೇಲೇ ನಿಂತಿರುತ್ತೆ."

"ಯಾವುದು, ಆ ಡಕೋಟ ಮೆಷಿನ್ನಾ?"

"ಡಕೋಟ ಅಂತ ಈಗ ಕಣ್ಣಿಗೆ ಬಿತ್ತಾ?" ಎಂದಳು ಹೆಂಡತಿ, ಅವನ ತಟ್ಟೆಗೆ ಮೊಟ್ಟೆ ಬಡಿಸುತ್ತ. "ರಿಪೇರಿ ಮಾಡಿಕೊಡಿ ಅಂತ ಎಷ್ಟು ವರ್ಷದಿಂದ ಬಾಯಿ ಬಡ್ಕೋತಿದ್ದೀನಿ. ಬೀದಿಯವರ ಮಿಕ್ಸಿ, ಫ್ಯಾನು ಎಲ್ಲ ಬಿಚ್ಚಿ ಕೂರ್ತೀರಿ. ನನ್ನ ಮೆಷಿನ್ ಅಂದ್ರೆ ಭಾನುವಾರ ನೋಡೋಣ."

"ಸದ್ಯ, ಮಾಡದೇ ಇದ್ದದ್ದು ಒಳ್ಳೇದಾಯ್ತು," ಎಂದು ತಂಗಿ ನಕ್ಕಳು. ಹೆಂಡತಿಯೂ ನಕ್ಕಳು. ಮೂಲೆಯಲ್ಲಿ ಕೂತಿದ್ದ ತಾಯಿ ಕೂಡ, ಏನು ಎತ್ತ ಎಂದು ತಿಳಿಯದೆಯೇ ನಕ್ಕಳು. ಫಿಟ್ಟರ ಮಾತ್ರ ಮೊಟ್ಟೆಯನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆದುಕೊಂಡ.

ತಂಗಿ ತನ್ನ ಸಂಗೀತಕ್ಕೆ ಇಟ್ಟುಕೊಂಡ ಹೆಸರು 'ತುಕ್ಕು'. ಹೆಸರು ಕೇಳಿದವರು ದೊಡ್ಡ ತಂಡವೊಂದನ್ನು ಊಹಿಸಿಕೊಳ್ಳಬೇಕು, ಒಳಗೆ ನೋಡಿದರೆ ಇವಳೊಬ್ಬಳೇ. ಬೆಳಿಗ್ಗೆಯೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ದುಡಿದು, ಮಧ್ಯಾಹ್ನ ಬಂದು ಹಿಂದಿನ ಕೋಣೆ ಸೇರಿದರೆ ಮುಗಿಯಿತು. ಅಲ್ಲೊಂದು ಹಳೇ ಕಂಪ್ಯೂಟರು, ಎರಡು ಸ್ಪೀಕರು, ಕಾಲು ಮುರಿದ ಮೇಜಿನ ಮೇಲೊಂದು ಕೀಬೋರ್ಡು. ಯಂತ್ರಗಳ ಸದ್ದನ್ನು ಹಿಡಿದು ತಂದು, ಕತ್ತರಿಸಿ, ಎಳೆದು, ತಾಳಕ್ಕೆ ಕೂರಿಸಿ, ಅದರ ಮೇಲೆ ತಾನೇ ಮೆಲುದನಿಯಲ್ಲಿ ಹಾಡುತ್ತಾಳೆ. ಕಂಪನಿ ಇಲ್ಲ, ಮಾಲೀಕನಿಲ್ಲ. ಮಾಡುವವಳೂ ಅವಳೇ, ಇಂಟರ್‌ನೆಟ್ಟಿನಲ್ಲಿ ಮಾರುವವಳೂ ಅವಳೇ. ತಗಡಿನ ಮೇಲೆ ಕಲ್ಲು ಸುರಿದ ಹಾಗಿದೆ ಎಂದು ತಾಯಿ ಮೂಗು ಮುರಿಯುತ್ತಿದ್ದಳು. ಆದರೆ ಕಲ್ಲು ಸುರಿಯುವುದನ್ನು ಕೇಳಲಿಕ್ಕೂ ಜನ ಇರುತ್ತಾರೆ. ಯಾವ ಯಾವುದೋ ಊರಿನವರು ಮೊದಲ ಆಲ್ಬಮ್ಮನ್ನು ಕೊಂಡುಕೊಂಡಿದ್ದರು.

ಆ ಮೊದಲ ಆಲ್ಬಮ್ಮು ಪೂರ್ತಿ ಫಿಟ್ಟರನ ಕಾರ್ಖಾನೆಯದು. ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವುದು ಅವನ ಕೆಲಸ. ಸ್ಕ್ರೂಡ್ರೈವರಿನ ಮೊನೆಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಒಳಗೆ ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಯಾವ ಸದ್ದು ಎಲ್ಲಿ ಸಿಗುತ್ತದೆ ಎಂದು ತಂಗಿಗೆ ತೋರಿಸಿಕೊಟ್ಟವನು ಅವನೇ. ಆಲ್ಬಮ್ಮಿನ ಹೊದಿಕೆಯ ಹಿಂಬದಿಯಲ್ಲಿ 'ಸದ್ದು: ಅಣ್ಣ' ಎಂದು ಅಚ್ಚಾಯಿತು. ನಾಲ್ಕನೇ ಹಾಡಿನಲ್ಲಿ ಮುಚ್ಚಳ ಒತ್ತುವ ಪ್ರೆಸ್ ಮೆಷಿನ್ನು ಉಸಿರಾಡುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಯಾರೋ ಬರೆದರು. ಅವತ್ತಿನಿಂದ ಕಾರ್ಖಾನೆಯಲ್ಲಿ ಅವನಿಗೆ ವಿದ್ವಾನ್ ಎಂಬ ಅಡ್ಡಹೆಸರು ಅಂಟಿಕೊಂಡಿತು. ಸುಮ್ಮನಿರ್ರೋ ಎಂದು ಬೈಯುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ. ಯಂತ್ರ ನಿಂತಾಗ ಕೂಗಾಡುವ ಜನರಿದ್ದರು, ಓಡುವಾಗ ಭೇಷ್ ಎಂದವರು ಅವನ ಜೀವಮಾನದಲ್ಲಿ ಯಾರೂ ಇರಲಿಲ್ಲ.

ಆಗ ಹೆಂಡತಿಗೆ ಹೊಟ್ಟೆ ಉರಿದಿತ್ತು. ಭಾನುವಾರ ಬಂತೆಂದರೆ ಅಣ್ಣ ತಂಗಿ ಇಬ್ಬರೂ ಅವಳು ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊರಡುವುದು, ಸಂಜೆ ಬಂದು ಅವಳಿಗೆ ಅರ್ಥವಾಗದ ಮಾತಾಡಿ ಕೇಕೆ ಹಾಕುವುದು. ಅವಳ ಮುಖ ಊದಿದ್ದನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಈಗ ಸರದಿ ಅವಳದಾಗಿತ್ತು. ಅದನ್ನು ಬಚ್ಚಿಟ್ಟುಕೊಂಡು ಅನುಭವಿಸುವಷ್ಟು ಸಾಧ್ವಿ ಅವಳಲ್ಲ.

ಅವಳು ಹೊಲಿಯುತ್ತಿದ್ದುದು ಸೋಫಾ ಕವರು, ದಪ್ಪ ಪರದೆ. ಪೀಠೋಪಕರಣದ ಅಂಗಡಿಯೊಂದರಿಂದ ಬಟ್ಟೆ ಬರುತ್ತಿತ್ತು. ಮೆಷಿನ್ನು ಇದ್ದದ್ದು ಹಿಂದಿನ ಕೋಣೆಯಲ್ಲೇ, ತಂಗಿಯ ಕಂಪ್ಯೂಟರಿಗೆ ಬೆನ್ನು ಹಾಕಿ. ಇಷ್ಟು ದಿನ ನಾದಿನಿಯ ಗದ್ದಲಕ್ಕೆ ಇವಳು ಗೊಣಗುವುದು, ಇವಳ ಮೆಷಿನ್ನಿನ ಗದ್ದಲಕ್ಕೆ ನಾದಿನಿ ಗೊಣಗುವುದು ನಡೆದಿತ್ತು. ಈಗ ಕೋಣೆಯ ಬಾಗಿಲು ಹಾಕಿಕೊಂಡು ಇಬ್ಬರೂ ಪಿಸುಪಿಸು ಎನ್ನುವುದೇನು, ಕಿಸಕ್ಕನೆ ನಗುವುದೇನು.

ಫಿಟ್ಟರ ಪಾಳಿ ಮುಗಿಸಿ ಬಂದರೆ ಟೀ ಕೊಡುವವರೂ ಇಲ್ಲ.

"ಫ್ಲಾಸ್ಕಿನಲ್ಲಿದೆ, ಬಗ್ಗಿಸ್ಕೋ," ಎಂದಳು ತಾಯಿ. "ಹಾಗೇ ಆ ಈರುಳ್ಳಿ ಹೆಚ್ಚು."

"ನಾನಾ?"

"ಮತ್ತೆ ನಾನಾ? ನನಗೂ ರೆಕಾರ್ಡಿಂಗ್ ಇದೆ."

"ನಿನಗೇನಮ್ಮಾ ರೆಕಾರ್ಡಿಂಗು?"

ತಾಯಿ ಸೆರಗು ಸರಿಮಾಡಿಕೊಂಡಳು. "ನನ್ನ ಬೀರು ಬಾಗಿಲು ಕಿರುಗುಟ್ಟುತ್ತಲ್ಲ, ಅದು ಮೂರನೇ ಹಾಡಿನಲ್ಲಿ ಬರುತ್ತಂತೆ. ನಿಧಾನಕ್ಕೆ ತೆಗೀಬೇಕಂತೆ, ಬೇಗ ತೆಗೆದ್ರೆ ಕೆಲಸಕ್ಕೆ ಬರಲ್ವಂತೆ. ನಿನ್ನೆಯಿಂದ ಪ್ರಾಕ್ಟೀಸ್ ಮಾಡ್ತಿದ್ದೀನಿ."

ಕಲ್ಲು ಸುರಿದ ಹಾಗಿದೆ ಅಂದ ಹೆಂಗಸು ಇವಳೇನಾ ಎಂದು ಫಿಟ್ಟರ ಬೆಪ್ಪಾಗಿ ನೋಡಿದ. ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಳ್ಳುವ ಅನುಕೂಲವೂ ಆಯಿತು.

ವಾರ ಕಳೆಯುವಷ್ಟರಲ್ಲಿ ಬಚ್ಚಲ ನಲ್ಲಿ, ನೀರಿನ ಮೋಟರು, ಗ್ಯಾಸ್ ಒಲೆಯ ಲೈಟರು, ಪಕ್ಕದ ಮನೆಯವರ ಕಬ್ಬಿಣದ ಗೇಟು ಎಲ್ಲವೂ ಆಲ್ಬಮ್ಮಿನೊಳಗೆ ಹೋದವು. ಒಂದು ಸಂಜೆ ತಡೆಯಲಾರದೆ ಅವನು ತಂಗಿಯನ್ನು ಕೇಳಿಯೇಬಿಟ್ಟ.

"ಅಲ್ವೇ, ನಂದೇನೂ ಇಲ್ವಾ?"

ತಂಗಿ ನಿಜವಾಗಿಯೂ ಯೋಚಿಸಿದಳು. ಅದೇ ಅವನಿಗೆ ಹೆಚ್ಚು ನೋವಾದದ್ದು. "ನೀನು ಮನೇಲಿ ಸದ್ದೇ ಮಾಡಲ್ವಲ್ಲಣ್ಣ. ಬರ್ತೀಯ, ಉಣ್ತೀಯ, ಮಲಗ್ತೀಯ."

"ಗೊರಕೆ ಹೊಡೀತಾರಲ್ಲ," ಎಂದಳು ಒಳಗಿನಿಂದ ಹೆಂಡತಿ.

"ಅದು ಎಲ್ಲರ ಮನೇಲೂ ಇರುತ್ತೆ ಅತ್ತಿಗೆ, ವಿಶೇಷ ಏನಿಲ್ಲ."

ಮರುದಿನದಿಂದ ಫಿಟ್ಟರ ಸದ್ದು ಮಾಡತೊಡಗಿದ. ಅಂಗಳದಲ್ಲಿ ಕೂತು ಕೆಲಸಕ್ಕೆ ಬಾರದ ಪೈಪಿಗೆ ಅರ ಹಾಕಿ ಉಜ್ಜಿದ. ಏಣಿಯನ್ನು ಎತ್ತಿ ಇಡುವ ಬದಲು ಎಳೆದುಕೊಂಡು ಹೋದ. ಗಟ್ಟಿಯಾಗಿದ್ದ ಮೊಳೆಗೆ ಮತ್ತೆ ನಾಲ್ಕು ಏಟು ಹಾಕಿದ. ಹಿಂದಿನ ಕೋಣೆಯ ಕಿಟಕಿ ತೆರೆದುಕೊಂಡಿತು. ಅವನ ಎದೆ ಹಿಗ್ಗಿತು.

"ಅಣ್ಣಾ, ದಮ್ಮಯ್ಯ, ಸ್ವಲ್ಪ ಸುಮ್ನಿರು. ಅತ್ತಿಗೆದು ರೆಕಾರ್ಡ್ ಆಗ್ತಿದೆ."

ಕಿಟಕಿ ಮುಚ್ಚಿಕೊಂಡಿತು. ಸುತ್ತಿಗೆ ಕೈಯಲ್ಲೇ ಉಳಿಯಿತು.

ಕೊನೆಯ ಹಾಡೊಂದು ಬಾಕಿ ಇತ್ತು. ಅದರಲ್ಲಿ ಬೇರೇನೂ ಇರುವುದಿಲ್ಲ, ಅತ್ತಿಗೆಯ ಮೆಷಿನ್ನು ಮತ್ತು ತನ್ನ ದನಿ ಮಾತ್ರ, ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಎಂದು ತಂಗಿ ಊಟದ ಹೊತ್ತಿನಲ್ಲಿ ಎಲ್ಲರಿಗೂ ವಿವರಿಸಿದ್ದಳು. ಇಲ್ಲಿಯವರೆಗಿನದೆಲ್ಲ ಸಣ್ಣ ತುಣುಕುಗಳು. ಈ ಉದ್ದದ ಹಾಡಿಗೆಂದೇ ಪರಿಚಯದ ಗಾಯಕಿಯೊಬ್ಬಳ ಹತ್ತಿರ ಒಳ್ಳೆಯ ಮೈಕು ಎರವಲು ಕೇಳಿದ್ದಳು. ಆಲ್ಬಮ್ಮಿಗೆ ಹೆಸರೂ ಇಟ್ಟಾಗಿತ್ತು: 'ಹಿಂದಿನ ಕೋಣೆ'. ಹಿಂಬದಿಯಲ್ಲಿ ಮೊದಲ ಸಾಲಿನಲ್ಲೇ ಅತ್ತಿಗೆ ಎಂದು ಬರುತ್ತದೆ. ಅದನ್ನು ಕೇಳಿ ಹೆಂಡತಿ ಅಂದು ಎರಡು ತುತ್ತು ಹೆಚ್ಚು ಉಂಡಳು, ಗಂಡನ ಕಡೆ ಒಂದು ಸಲ ನೋಡಿದಳು ಕೂಡ.

ಆ ಭಾನುವಾರ ನಾದಿನಿ ಅತ್ತಿಗೆ ಇಬ್ಬರೂ ಹೊಲಿದ ಪರದೆಗಳನ್ನು ಅಂಗಡಿಗೆ ಕೊಟ್ಟು, ಹಾಗೇ ಮೈಕು ತರಲು ಹೊರಟರು. ತಾಯಿ ಊಟ ಮಾಡಿ ಅಡ್ಡಾದಳು. ಫಿಟ್ಟರ ಹಿಂದಿನ ಕೋಣೆಗೆ ಹೋಗಿ ಮೆಷಿನ್ನಿನ ಮುಂದೆ ಕೂತ. ಅದರ ತಲೆಯ ಮುಚ್ಚಳ ಬಿಚ್ಚಿದ. ಒಳಗೆ ನೋಡಿದರೆ ಅಚ್ಚು ತಿರುಗುವ ಬುಷ್ಷು ಸವೆದು ಅಲ್ಲಾಡುತ್ತಿತ್ತು, ಬೆಲ್ಟು ನುಣ್ಣಗಾಗಿ ಜಾರುತ್ತಿತ್ತು, ಎಣ್ಣೆ ಅಂಟಾಗಿ ಕಪ್ಪುಗಟ್ಟಿತ್ತು.

ಪಾಪ, ಎಷ್ಟು ವರ್ಷದಿಂದ ಕೇಳುತ್ತಿದ್ದಾಳೆ, ಮಾಡಿಕೊಡೋಣ ಎಂದು ತನಗೆ ತಾನೇ ಹೇಳಿಕೊಂಡ. ಕೇಳಿಸಿಕೊಳ್ಳಲು ಬೇರೆ ಯಾರೂ ಇಲ್ಲದಾಗ ಮನುಷ್ಯ ತನಗೇ ಎಂಥೆಂಥ ಸುಳ್ಳು ಹೇಳಿಕೊಳ್ಳುತ್ತಾನೆ! ಬೀದಿ ತುದಿಯ ಅಂಗಡಿಯಿಂದ ಹೊಸ ಬುಷ್ಷು, ಹೊಸ ಬೆಲ್ಟು ತಂದ. ಸೀಮೆಎಣ್ಣೆಯಲ್ಲಿ ಒಂದೊಂದೇ ಭಾಗ ತೊಳೆದು ಒರೆಸಿ ಕೂರಿಸಿದ. ಅಷ್ಟು ಪ್ರೀತಿಯಿಂದ, ಅಷ್ಟು ಹೊಟ್ಟೆಕಿಚ್ಚಿನಿಂದ ಅವನು ಯಾವ ಯಂತ್ರವನ್ನೂ ರಿಪೇರಿ ಮಾಡಿರಲಿಲ್ಲ. ಹಳೆಯದನ್ನೆಲ್ಲ ಕಾಗದದಲ್ಲಿ ಸುತ್ತಿ ಬೀದಿಯ ಕಸದ ಗಾಡಿಗೆ ಹಾಕಿ ಬಂದ.

ಸಂಜೆ ಮೈಕಿನ ಪೆಟ್ಟಿಗೆ ಹಿಡಿದು ಇಬ್ಬರೂ ಬಂದರು. ಹೆಂಡತಿ ಕೂತಳು, ದಪ್ಪ ಬಟ್ಟೆ ಇಟ್ಟಳು, ಪೆಡಲು ಒತ್ತಿದಳು. ಮೆಷಿನ್ನು ಸುಯ್ ಎಂದು ಓಡಿತು. ಅಷ್ಟೇ. ಬಟ್ಟೆ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಬಂತು.

"ಇದೇನಿದು?" ಎಂದಳು ತಂಗಿ.

"ರಿಪೇರಿ ಮಾಡಿದೆ," ಎಂದ ಫಿಟ್ಟರ. ಮುಖದ ಮೇಲೆ ನಗು ತಂದುಕೊಂಡಿದ್ದ. "ಕೇಳ್ತಿದ್ಲಲ್ಲ."

"ಅಣ್ಣಾ! ಇವತ್ತೇನಾ? ಇವತ್ತೇ ಆಗಬೇಕಿತ್ತಾ ನಿನಗೆ?"

"ಇವತ್ತು ಬಿಡುವಿತ್ತು."

"ಹಳೇ ಪಾರ್ಟ್ ಎಲ್ಲಿ?"

"ಕಸದ ಗಾಡಿಗೆ ಹಾಕ್ದೆ."

ತಂಗಿ ಮೈಕಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ತಾಯಿ ಬಾಗಿಲಿಗೆ ಬಂದು, "ಒಳ್ಳೇದು ಮಾಡಿದ್ರೂ ಬೈಸಿಕೊಳ್ಳೋ ಹಾಗಾಯ್ತಲ್ಲ ನನ್ನ ಮಗನಿಗೆ," ಎಂದಳು.

"ಅತ್ತೆ, ನೀವು ಸುಮ್ನಿರಿ," ಎಂದಳು ಹೆಂಡತಿ. ಅವಳು ಕೂಗಲಿಲ್ಲ. ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. "ನನ್ನ ಭುಜ ನೋಯುತ್ತೆ ಅಂದಾಗ ಬಿಡುವಾಗಲಿಲ್ಲ. ದಾರ ಕಿತ್ತು ಕಿತ್ತು ಅಂಗಡಿಯವನು ಬಟ್ಟೆ ವಾಪಸ್ ಕಳಿಸಿದಾಗ ಬಿಡುವಾಗಲಿಲ್ಲ. ನನ್ನ ಹೆಸರು ಬರುತ್ತೆ ಅಂದ ತಕ್ಷಣ ಬಿಡುವಾಯ್ತು ಅಲ್ವಾ ನಿಮಗೆ?"

ಫಿಟ್ಟರ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಕೋಣೆಯಿಂದ ಹೊರಬಿದ್ದ. ಅಂದು ಮನೆಯಲ್ಲಿ ಉಳಿದದ್ದು ಮಧ್ಯಾಹ್ನದ ತಣ್ಣನೆ ಅನ್ನ. ಬಡಿಸುವವರಿಲ್ಲದೆ ತಾನೇ ಹಾಕಿಕೊಂಡು ಉಂಡ.

ಎರಡು ದಿನ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಾಯಿಯ ಮೂಲಕ ಹೋಗುತ್ತಿತ್ತು. "ನಿನ್ನ ಗಂಡನ ಷರಟಿಗೆ ಗುಂಡಿ ಇಲ್ವಂತೆ." "ಡಬ್ಬಿಯಲ್ಲಿದೆಯಂತೆ, ಹಾಕ್ಕೋ." ಮೂರನೇ ದಿನ ತಾಯಿಗೇ ಸಾಕಾಗಿ, "ನಾನೇನು ಪೋಸ್ಟ್‌ಮ್ಯಾನಾ?" ಎಂದು ತಟ್ಟೆ ಕುಕ್ಕಿದಳು.

ಆಗ ತಂಗಿ ನೇರವಾಗಿ ಅಣ್ಣನಿಗೆ ಹೇಳಿದಳು. "ನೀನು ರಿಪೇರಿ ಮಾಡಿದ್ದೀಯಲ್ಲ, ನೀನೇ ಕೆಡಿಸು. ಮೊದಲು ಹೇಗಿತ್ತೋ ಹಾಗೇ. ಮೈಕು ಈ ವಾರ ಇರುತ್ತೆ ಅಷ್ಟೆ."

"ಅದೇನು ಮಹಾ," ಎಂದ ಫಿಟ್ಟರ. ಕೆಡಿಸುವುದು ಕಷ್ಟವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಬೆಲ್ಟು ಸಡಿಲ ಮಾಡಿದ. ಹೆಂಡತಿ ಹೊಲಿದು ನೋಡಿ, "ಇದಲ್ಲ," ಎಂದಳು. ಬುಷ್ಷನ್ನು ಅರದಿಂದ ಉಜ್ಜಿ ಸವೆಸಿದ. "ಇದಲ್ಲ." ಬೆಲ್ಟಿಗೆ ಮೇಣ ಹಚ್ಚಿದ. "ಇದು ಹತ್ತಿರ ಬಂತು, ಆದ್ರೂ ಇದಲ್ಲ." ಹಗಲು ಪಾಳಿ ಮುಗಿಸಿ ಬಂದು, ಟೀ ಕುಡಿದು, ದಿನಾ ಸಂಜೆ ಮೆಷಿನ್ನಿನ ಮುಂದೆ ಕೂರುವುದೇ ಆಯಿತು. ಸ್ಕ್ರೂಡ್ರೈವರು ಕಿವಿಗೆ ಆನಿಸಿ ಎಷ್ಟು ಕೇಳಿದರೂ ಪ್ರಯೋಜನವಿಲ್ಲ. ಹಳೆಯ ಸದ್ದು ಹೇಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಕಾರ್ಖಾನೆಯ ಯಾವ ಮೂಲೆಯಲ್ಲಿ ಯಾವ ನಟ್ಟು ಅಳುತ್ತದೆ ಎಂದು ಹೇಳಬಲ್ಲವನು, ಗೋಡೆಯಾಚೆ ಇಷ್ಟು ವರ್ಷ ಓಡಿದ ಮೆಷಿನ್ನನ್ನು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ. ಅದನ್ನು ಹೆಂಡತಿಯ ಮುಂದೆ ಒಪ್ಪಿಕೊಳ್ಳಲು, ಹಿಡಿದಿಟ್ಟ ತುಣುಕುಗಳನ್ನು ಕೇಳಿಸು ಎಂದು ತಂಗಿಗೆ ಹೇಳಲು ನಾಚಿಕೆಯಾಗಿ, ಇನ್ನೊಂದು ಸ್ಕ್ರೂ ತಿರುಗಿಸಿದ.

"ಅದು ಯಾವುದಕ್ಕೆ ರೀ?" ಎಂದು ಹೆಂಡತಿ ಕೇಳುತ್ತಿದ್ದಳು.

"ಇದು ಬೆಲ್ಟಿನ ಬಿಗಿ. ಇದು ಬುಷ್ಷು ಹಿಡಿಯೋದು. ಮುಟ್ಟಬೇಡ, ಕೈ ಎಣ್ಣೆಯಾಗುತ್ತೆ."

ಹೊರಗೆ ಮೈಕು ಹಿಡಿದು ಕಾಯುತ್ತಿದ್ದ ತಂಗಿಗೆ ಒಳಗಿನಿಂದ ಗಂಡ ಹೆಂಡಿರ ಮಾತು, ನಡುವೆ ಒಂದೆರಡು ನಗು ಕೇಳಿಸಿತು. ಅವಳಿಗೂ ಮುಖ ಸಣ್ಣದಾಯಿತು. "ನನ್ನ ಆಲ್ಬಮ್ಮಿನ ಕೆಲಸವೋ, ಇವರ ಸಂಸಾರವೋ?" ಎಂದು ತಾಯಿಯ ಹತ್ತಿರ ಸಿಡುಕಿದಳು.

ಶನಿವಾರ ಸಂಜೆ ಫಿಟ್ಟರ ಬೆಲ್ಟಿಗೆ ಎಣ್ಣೆ ಬಳಿದು, ಬುಷ್ಷಿನ ಸ್ಕ್ರೂ ಸಡಿಲ ಬಿಟ್ಟು, ಸುಮ್ಮನೆ ಪಕ್ಕದ ಸ್ಟೂಲಿನಲ್ಲಿ ಕೂತ. ಇನ್ನು ಮಾಡಲು ಏನೂ ತೋಚಲಿಲ್ಲ. ಹೆಂಡತಿ ಸೋಫಾ ಕವರಿನ ಮಡಿಕೆ ಕೂಡುವ ದಪ್ಪ ಜಾಗಕ್ಕೆ ಬಂದಳು. ಮೆಷಿನ್ನು ಕುಂಟಿತು, ಕಚ್ಚಿಕೊಂಡಿತು. ಅವಳು ಕಾಲು ತೆಗೆಯಲಿಲ್ಲ. ಬಲಗೈ ಎತ್ತಿ ಅಂಗೈಯ ಬುಡದಿಂದ ಚಕ್ರಕ್ಕೆ ಒಂದು ಹೊಡೆದಳು. ಥಪ್. ಮೆಷಿನ್ನು ಮುಂದೆ ಹೋಯಿತು. ಮತ್ತೆ ಕಚ್ಚಿತು. ಥಪ್.

"ಇದೇ!" ಎಂದು ಬಾಗಿಲಾಚೆಯಿಂದ ತಂಗಿ ಕೂಗಿದಳು. "ಇದೇ ಅತ್ತಿಗೆ, ಇದೇ!"

ಫಿಟ್ಟರ ಚಕ್ರ ನೋಡಿದ, ಹೆಂಡತಿಯ ಕೈ ನೋಡಿದ. "ಇದು ಮೆಷಿನ್ನಿಂದಲ್ಲ. ನೀನು ಹೊಡೆಯೋ ಸದ್ದು."

"ಹೌದು."

"ಮೊದಲಿಂದಲೂ ಹೀಗೇ ಹೊಡೀತಿದ್ಯಾ?"

"ಹೊಡೀದೆ ಇದ್ರೆ ಅದು ಮುಂದೆ ಹೋಗುತ್ತಾ?" ಅಂಗೈ ತಿರುಗಿಸಿ ತೋರಿಸಿದಳು. ಬುಡದಲ್ಲಿ ಚರ್ಮ ದಪ್ಪಗಟ್ಟಿ ಹಳದಿಯಾಗಿತ್ತು. "ಇದಕ್ಕೇ ಅಲ್ವಾ ಭುಜ ನೋಯ್ತಿದ್ದದ್ದು."

ತಂಗಿ ಮೈಕು ಹಿಡಿದು ಒಳಗೆ ಬಂದಳು. ಹಾಡು ಉದ್ದದ್ದು. ಹೆಂಡತಿ ಹೊಲಿಯುತ್ತ, ಹೊಡೆಯುತ್ತ, ಮತ್ತೆ ಹೊಲಿಯುತ್ತ ಹೋದಳು. ಫಿಟ್ಟರ ಉಸಿರು ಬಿಗಿಹಿಡಿದು ಮೂಲೆಯಲ್ಲಿ ನಿಂತಿದ್ದ. ಸಾಕು, ನಿಲ್ಲಿಸು ಎಂದು ಎರಡು ಸಲ ಬಾಯಿಗೆ ಬಂತು. ಹಾಗೆ ಹೇಳಿದರೆ ಅದೂ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರೆ ಎಂದು ಸುಮ್ಮನಾದ.

"ನಾಳೆನೇ ಮತ್ತೆ ಸರಿ ಮಾಡ್ತೀನಿ," ಎಂದ ಎಲ್ಲ ಮುಗಿದ ಮೇಲೆ. ಆ ಹೊತ್ತಿನಲ್ಲಿ ಮನಸಾರೆ ಹೇಳಿದ. ಆಗಲೇ ಹೋಗಿ ಇನ್ನೊಂದು ಹೊಸ ಬೆಲ್ಟನ್ನು ತಂದು ಮೆಷಿನ್ನಿನ ಮೇಲಿಟ್ಟ ಕೂಡ.

ಮರುದಿನ ಕಾರ್ಖಾನೆಯ ಕಂಪ್ರೆಸರ್ ಕೈಕೊಟ್ಟಿತು, ಭಾನುವಾರವಾದರೂ ಕೆಲಸಕ್ಕೆ ಕರೆದರು. ಅದರ ಮರುದಿನ ಸುಸ್ತು. ಅಷ್ಟರಲ್ಲಿ 'ಹಿಂದಿನ ಕೋಣೆ' ಹೊರಬಂತು. ಹಿಂಬದಿಯಲ್ಲಿ ಹೀಗಿತ್ತು: 'ಸದ್ದು: ಅತ್ತಿಗೆ. ಬೀರು: ಅಮ್ಮ. ಮೆಷಿನ್ ಕೆಡಿಸಿದವರು: ಅಣ್ಣ.' ತಂಗಿ ಪ್ರೀತಿಯಿಂದಲೇ ಹಾಕಿದ್ದಳು. ಕಾರ್ಖಾನೆಯಲ್ಲಿ ಮಾತ್ರ ಅದನ್ನು ಉಪ್ಪುಖಾರ ಹಚ್ಚಿ ಎಲ್ಲರೂ ಓದಿದರು. "ಏನ್ ವಿದ್ವಾನ್, ಕೆಡಿಸೋದರಲ್ಲೂ ವಿದ್ವಾಂಸರಂತೆ?" ಎಂದು ಊಟದ ಹೊತ್ತಿಗೆ ಒಬ್ಬ ಕಾಲೆಳೆದ.

ಮನೆಗೆ ಬಂದರೆ ತಂಗಿ ಕಂಪ್ಯೂಟರಿನಲ್ಲಿ ಬಂದದ್ದನ್ನು ಓದಿ ಹೇಳುತ್ತಿದ್ದಳು. ಮೊದಲ ಆಲ್ಬಮ್ಮಿಗಿಂತ ಇದು ಎಷ್ಟೋ ಮೇಲು ಎಂದು ಯಾರೋ ಬರೆದಿದ್ದರು. ಕೊನೆಯ ಹಾಡಿನ ಆ ಪೆಟ್ಟು ಕೇಳಿದರೆ ಎದೆ ಝಲ್ಲೆನ್ನುತ್ತದೆ, ಯಾವ ಯಂತ್ರವಿದು ಎಂದು ಇನ್ನೊಬ್ಬರು ಕೇಳಿದ್ದರು.

"ಯಂತ್ರ ಅಲ್ಲ, ನಮ್ಮ ಸೊಸೆ ಅಂತ ಬರಿ," ಎಂದಳು ತಾಯಿ.

"ಬೀರು ಬಗ್ಗೆ ಬರೆದಿದ್ದಾರಾ ನೋಡು," ಎಂದಳು ಹೆಂಡತಿ, ಅತ್ತೆಯನ್ನು ಬಿಟ್ಟುಕೊಡದೆ. ಮೂವರೂ ನಕ್ಕರು.

ಫಿಟ್ಟರನ ಮೈ ಉರಿಯಿತು. ಹೊಸ ಬೆಲ್ಟು ಎದುರಿಗೇ ಇತ್ತು, ಸ್ಕ್ರೂಡ್ರೈವರು ಜೇಬಿನಲ್ಲೇ ಇತ್ತು. ಹೆಂಡತಿ ಭುಜ ಹಿಸುಕಿಕೊಳ್ಳುತ್ತಿದ್ದುದನ್ನೂ ಕಂಡ. ಕೇಳಲಿ, ಒಂದು ಮಾತು ಕೇಳಿದರೆ ಮಾಡಿಕೊಡುತ್ತೇನೆ ಎಂದುಕೊಂಡು ಊಟಕ್ಕೆ ಎದ್ದುಹೋದ. ಅವಳು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಒಂದು ವಾರ ಅವನು ಕಾದ. ಒಂದು ಸಲವಾದರೂ 'ರೀ, ಅದನ್ನ ಸ್ವಲ್ಪ ನೋಡಿ' ಎಂದರೆ ಸಾಕಿತ್ತು. ಈ ಮನೆಯಲ್ಲಿ ತನ್ನ ಅಗತ್ಯವಿದೆ ಎಂದು ಗೊತ್ತಾಗುತ್ತಿತ್ತು.

ಮುಂದಿನ ವಾರದಲ್ಲೊಂದು ದಿನ ಅವನು ಪಾಳಿ ಮುಗಿಸಿ ಬಂದಾಗ ಟೀ ಬಿಸಿಯಾಗಿ ಮೇಜಿನ ಮೇಲಿತ್ತು. ಹಿಂದಿನ ಕೋಣೆಯಲ್ಲಿ ಹೊಲಿದ ಕವರುಗಳು ಸೊಂಟದೆತ್ತರ ಬಿದ್ದಿದ್ದವು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಹೊಲಿಯುತ್ತಿದ್ದಳು. ಬಟ್ಟೆಯ ದಪ್ಪ ಮಡಿಕೆ ಸೂಜಿಯ ಕೆಳಗೆ ಬಂತು, ಹೋಯಿತು. ಅವಳ ಬಲಗೈ ಬಟ್ಟೆಯ ಮೇಲೇ ಇತ್ತು.

"ಯಾರು ಬಂದಿದ್ರು?"

"ಯಾರೂ ಬಂದಿಲ್ವಲ್ಲ."

"ಮತ್ತೆ ಇದನ್ನ ರಿಪೇರಿ ಮಾಡಿದ್ದು ಯಾರು?"

"ನಾನೇ. ಅಷ್ಟು ದಿನ ಪಕ್ಕದಲ್ಲೇ ಕೂತಿದ್ನಲ್ಲ. ಯಾವುದು ಬಿಚ್ಚಿದ್ರೆ ಏನು ಕೆಡುತ್ತೆ ಅಂತ ನೀವೇ ಹೇಳ್ಕೊಟ್ರಿ." ದಾರ ಕಚ್ಚಿ ಕತ್ತರಿಸಿದಳು. "ಬೆಲ್ಟು ಇಲ್ಲೇ ಇತ್ತು. ಬುಷ್ಷು ಅಂಗಡಿಯಲ್ಲಿ ಸಿಕ್ತು. ಒಂದು ಮಧ್ಯಾಹ್ನದ ಕೆಲಸ ರೀ. ಇಷ್ಟಕ್ಕಾ ನಾನು ಇಷ್ಟು ವರ್ಷ ಕಾದಿದ್ದು ಅನ್ನಿಸ್ತು."

ಫಿಟ್ಟರ ಚಕ್ರಕ್ಕೆ ಬೆರಳು ತಾಗಿಸಿ ತಿರುಗಿಸಿದ. ತಾನು ಮಾಡಿದ್ದಕ್ಕಿಂತ ಹಗುರವಾಗಿ ತಿರುಗಿತು. ಆಲ್ಬಮ್ಮಿನ ಮೊದಲ ಸಾಲು ಹೋದಾಗಲೂ ಅವನಿಗೆ ಇಷ್ಟು ಉರಿದಿರಲಿಲ್ಲ. ಹೆಸರು ಹೋದರೆ ಇನ್ನೊಂದು ಆಲ್ಬಮ್ಮಿನಲ್ಲಿ ಬಂದೀತು. ರಿಪೇರಿಯೂ ಕೈಬಿಟ್ಟು ಹೋದರೆ ಅವನ ಹತ್ತಿರ ಬೇರೇನೂ ಇರಲಿಲ್ಲ.

"ನನಗೆ ಒಂದು ಮಾತು ಹೇಳಬಹುದಿತ್ತು," ಎಂದ.

ಹೆಂಡತಿ ಮುಂದಿನ ಕವರು ಎತ್ತಿಕೊಂಡು ಮಡಿಕೆ ಸರಿಮಾಡಿದಳು. ಸಿಟ್ಟಿರಲಿಲ್ಲ, ಬಿಂಕವೂ ಇರಲಿಲ್ಲ. ಕೆಲಸ ಬಾಕಿ ಇತ್ತು ಅಷ್ಟೆ.

"ಟೀ ಆರುತ್ತೆ, ಹೋಗಿ ಕುಡೀರಿ," ಎಂದಳು. "ಸ್ವಲ್ಪ ಆ ಕಡೆ ಸರೀರಿ, ಬೆಳಕಿಗೆ ಅಡ್ಡ ನಿಂತಿದ್ದೀರ."